ಕೊಂಜಾ ಬಯಲಿನ ಹೊಸ ನಗರ

ಹಿಂದಿನ ಕಾಲದಲ್ಲಿ ಅರಸರಾಗಲಿ ಪಾಳೆಯಗಾರರಾಗಲಿ ಹೊಸದೊಂದು ಪೇಟೆಯನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿದರೆ ಮೊದಲು ನೀರಿನ ನೆಲೆಯನ್ನು ನೋಡುತ್ತಿದ್ದರು. ಕೆರೆ ಕಟ್ಟಿದ ಮೇಲೆ ಪೇಟೆ, ಪೇಟೆ ನೆಲೆಗೊಂಡ ಮೇಲೆ ಕೋಟೆ ಕೊತ್ತಲ. ಈ ಕ್ರಮವನ್ನು ಅವರು ಯಾವ ವಿಶ್ವವಿದ್ಯಾಲಯದಲ್ಲಿಯೂ ಕಲಿತವರಲ್ಲ. ನೀರಿಲ್ಲದ ಕಡೆ ಜನ ನಿಲ್ಲರು, ಜನ ನಿಲ್ಲದ ಕಡೆ ಕಂದಾಯ ಹುಟ್ಟದು ಎಂಬ ಅನುಭವವೇ ಅವರಿಗೆ ಗುರುವಾಗಿತ್ತು. ಪೂರ್ವ ಆಫ್ರಿಕದ ಕೆನ್ಯಾ ದೇಶದವರು ಕೈಕೊಂಡಿರುವ ಕೊಂಜಾ ಎಂಬ ತಾಂತ್ರಿಕ ನಗರದ ವೃತ್ತಾಂತವನ್ನು ಪರಿಶೀಲಿಸುವಾಗ ಈ ಹಳೆಯ ಕ್ರಮವು ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಪರಾಧೀನತೆಯಿಂದ ಬಿಡುಗಡೆ ಹೊಂದಿದ ರಾಷ್ಟ್ರಗಳೆಲ್ಲವೂ ಇಂತಹ ಕನಸುಗಳನ್ನು ಕಾಣುತ್ತಿರುವುದರಿಂದ, ಆ ದೇಶದ ಅನುಭವವನ್ನು ನಮ್ಮ ವಾಚಕರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಕೊಂಜಾ ಎಂಬುದು ಕೆನ್ಯಾದ ರಾಜಧಾನಿಯಾದ ನೈರೋಬಿಯಿಂದ ಆಗ್ನೇಯಕ್ಕೆ, ಮೊಂಬಾಸಾ ಬಂದರಿಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು 60 ಕಿಲೋಮೀಟರು ದೂರದಲ್ಲಿರುವ ಒಣಹುಲ್ಲಿನ ವಿಶಾಲವಾದ ಬಯಲು. ಮಳೆ ಕಡಮೆ, ದನಕರುಗಳ ಮೇವೇ ಅಲ್ಲಿಯ ಮುಖ್ಯ ಜೀವನಾಧಾರ. ಆ ಹೆಸರನ್ನು ಮೊದಲು ಹೊರಗಿನವರಿಗೆ ಪರಿಚಯ ಮಾಡಿಕೊಟ್ಟುದು ರೈಲ್ವೆ. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಯುಗಾಂಡಾ ರೈಲ್ವೆಯ ಹಳಿಗಳು 1899ರಲ್ಲಿ ನೈರೋಬಿಯನ್ನು ಮುಟ್ಟಿದುವು. ಮುಂದೆ ಇದೇ ಕೊಂಜಾದಿಂದ ಮಗಾಡಿ ಎಂಬ ಸೋಡಾ ಸರೋವರಕ್ಕೆ ಕವಲು ದಾರಿಯೊಂದು ಹೊರಟಿತು. ಹೆಸರು ನಮ್ಮ ಮಾಗಡಿಯನ್ನು ಹೋಲುವುದಾದರೂ ಸಂಬಂಧವೇನೂ ಇಲ್ಲ. ಆದರೆ ಭಾರತಕ್ಕೂ ಆ ದಾರಿಗೂ ನಿಜವಾದ ಸಂಬಂಧವೊಂದುಂಟು. ಆ ರೈಲ್ವೆಯನ್ನು ಹಾಕಲು ಸುಮಾರು 32 ಸಾವಿರ ಕೂಲಿಕಾರರನ್ನು, ಬಹುಮಟ್ಟಿಗೆ ಪಂಜಾಬಿನವರನ್ನು, ಹಡಗಿನಲ್ಲಿ ಸಾಗಿಸಲಾಯಿತು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ರೋಗ, ಅಪಘಾತ, ಕಾಡುಮೃಗಗಳ ಬಾಯಿಗೆ ತುತ್ತಾಗಿ ಮರಳಿ ಬರಲಿಲ್ಲ. ಅನ್ಯರ ಪ್ರಯೋಜನಕ್ಕಾಗಿ ಅನ್ಯರೇ ಎಳೆದ ಆ ರೇಖೆಯ ಪಕ್ಕದಲ್ಲಿ, ಸ್ವತಂತ್ರ ಕೆನ್ಯಾ ತನ್ನದೇ ಆದ ನಗರವೊಂದನ್ನು ಕಟ್ಟಲು ಹೊರಟುದು ಸಾಮಾನ್ಯವಾದ ಆಸೆಯಲ್ಲ.

ಈ ಆಸೆಯ ಹುಟ್ಟು ಹೀಗೆ. 2030ರೊಳಗಾಗಿ ದೇಶವನ್ನು ಮಧ್ಯಮ ಆದಾಯದ ರಾಷ್ಟ್ರಗಳ ಸಾಲಿಗೆ ತರಬೇಕೆಂಬ ಯೋಜನೆಯನ್ನು ಕೆನ್ಯಾ ಸರಕಾರವು 2008ರಲ್ಲಿ ಪ್ರಕಟಿಸಿತು. ಮರುವರ್ಷ ಸಮುದ್ರದ ತಳದಲ್ಲಿ ಹಾಕಿದ ತಂತಿಗಳು ಮೊಂಬಾಸಾದ ದಡವನ್ನು ಸೇರಿ, ಅದುವರೆಗೆ ಉಪಗ್ರಹಗಳನ್ನೇ ನಂಬಿಕೊಂಡಿದ್ದ ದೇಶಕ್ಕೆ ವೇಗವಾದ ಇಂಟರ್‌ನೆಟ್ಟನ್ನು ತಂದುವು. ಪಶ್ಚಿಮದ ಕಂಪೆನಿಗಳು ತಮ್ಮ ಲೆಕ್ಕಪತ್ರ, ದೂರವಾಣಿ ವಿಚಾರಣೆ ಮೊದಲಾದ ಕೆಲಸಗಳನ್ನು ಹೊರದೇಶಗಳಿಗೆ ಒಪ್ಪಿಸುತ್ತಿದ್ದ ಕಾಲವದು. ಆ ಕೆಲಸದ ದೊಡ್ಡ ಪಾಲು ನಮ್ಮ ಬೆಂಗಳೂರಿನಂತಹ ಊರುಗಳಿಗೆ ಬರುತ್ತಿದ್ದುದನ್ನು ಕಂಡು, ಅದರಲ್ಲಿ ತಮಗೂ ಒಂದು ಪಾಲು ದೊರೆಯಬೇಕೆಂದು ಕೆನ್ಯಾದ ಅಧಿಕಾರಿಗಳು ಎಣಿಸಿದರು. ಸಮಾಚಾರ ಖಾತೆಯ ಕಾರ್ಯದರ್ಶಿಗಳಾಗಿದ್ದ ಬಿಟಾಂಗೆ ಎನ್‌ಡೆಮೋ ಎಂಬವರು ಈ ಸಂಕಲ್ಪದ ಮುಖ್ಯ ಪ್ರತಿಪಾದಕರು. ಮಲೀಲಿ ಎಂಬ ದನಗಾವಲು ಕಂಪೆನಿಯಿಂದ 5,000 ಎಕರೆ ಭೂಮಿಯನ್ನು 2009ರಲ್ಲಿ ಸರಕಾರವು ಕ್ರಯಕ್ಕೆ ತೆಗೆದುಕೊಂಡಿತು. ಕ್ರಯದ ಹಣದ ವಿಷಯವಾಗಿ ಆ ಕಂಪೆನಿಯ ಪಾಲುಗಾರರಲ್ಲಿ ಎದ್ದ ತಕರಾರುಗಳು ನಗರದ ಹೆಸರಿನೊಡನೆ ಬಹುಕಾಲ ಅಂಟಿಕೊಂಡಿದ್ದುವು.

2013ನೆಯ ಜನವರಿ 23ರಂದು ಅಧ್ಯಕ್ಷ ಮ್ವಾಯಿ ಕಿಬಾಕಿಯವರು ಶಂಕುಸ್ಥಾಪನೆ ಮಾಡಿದರು. ಅಂದು ಮಾಡಿದ ವಾಗ್ದಾನಗಳು ಅಲ್ಪವಲ್ಲ. ಒಟ್ಟು ವೆಚ್ಚ ಸುಮಾರು 1,450 ಕೋಟಿ ಡಾಲರು. 2015ರ ಹೊತ್ತಿಗೆ ಸುಮಾರು 20 ಸಾವಿರ, 2030ರ ಹೊತ್ತಿಗೆ 2 ಲಕ್ಷ ಉದ್ಯೋಗಗಳು. ಎತ್ತರವಾದ ಗೋಪುರಗಳು, ಉದ್ಯಾನಗಳು, ವಿದ್ಯಾಲಯಗಳು ಸುಂದರವಾದ ಚಿತ್ರಗಳಲ್ಲಿ ಲೋಕದ ಮುಂದೆ ಬಂದುವು. 2015 ಬಂದಿತು, ಹೋಯಿತು. ಆ ಬಯಲಿನಲ್ಲಿ ಹೇಳಿಕೊಳ್ಳುವಂತಹ ಉದ್ಯೋಗಗಳಾಗಲಿ ಗೋಪುರಗಳಾಗಲಿ ಕಾಣಲಿಲ್ಲ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರೆಂದು ಪತ್ರಿಕೆಗಳು ಹಾಸ್ಯ ಮಾಡತೊಡಗಿದುವು.

ಈ ವಿಳಂಬಕ್ಕೆ ಕಾರಣಗಳನ್ನು ವಿಚಾರಿಸದೆ ಹಾಸ್ಯವನ್ನಷ್ಟೇ ಮಾಡುವುದು ನ್ಯಾಯವಲ್ಲ. ಶಂಕುಸ್ಥಾಪನೆಯಾದ ಎರಡು ತಿಂಗಳಿನೊಳಗೆ, ಅಂದರೆ 2013ನೆಯ ಮಾರ್ಚಿಯಲ್ಲಿ, ಮಹಾಚುನಾವಣೆ ನಡೆದು ಸರಕಾರವೇ ಬದಲಾಯಿತು. 2010ರ ಹೊಸ ರಾಜ್ಯಾಂಗಕ್ಕನುಸಾರವಾಗಿ 47 ಕೌಂಟಿಗಳಿಗೆ ಚುನಾಯಿತ ಸರಕಾರಗಳು ಬಂದುದೂ ಆ ಚುನಾವಣೆಯಲ್ಲಿಯೇ. ನಗರದ ಸಂಕಲ್ಪ ಹುಟ್ಟಿದುದು ಕೇಂದ್ರದ ಅಧಿಕಾರವೇ ಸರ್ವಸ್ವವಾಗಿದ್ದ ಕಾಲದಲ್ಲಿ. ಕಟ್ಟಬೇಕಾದುದು ಸ್ಥಳೀಯ ಸ್ವರಾಜ್ಯದ ಕಾಲದಲ್ಲಿ. ಮಕ್ವೇನಿ, ಮಚಾಕೋಸ್, ಕಜಿಯಾಡೋ ಎಂಬ ಮೂರು ಕೌಂಟಿಗಳು ಕೂಡುವ ಎಡೆಯಲ್ಲಿ ಆ ಭೂಮಿ ಇರುವುದರಿಂದ ಎಲ್ಲೆಕಟ್ಟಿನ ವ್ಯಾಜ್ಯವೂ ತಲೆದೋರಿತು. ಮೇಲ್ವಿಚಾರಣೆಗೆಂದು 2012ರಲ್ಲಿ ಸ್ಥಾಪಿತವಾದ ಪ್ರಾಧಿಕಾರವು ಸರಕಾರದ ಅಧಿಸೂಚನೆಯಿಂದ ಹುಟ್ಟಿದುದೇ ಹೊರತು ಶಾಸನಸಭೆಯ ಪ್ರತ್ಯೇಕ ಕಾನೂನಿನಿಂದ ಹುಟ್ಟಿದುದಲ್ಲ. ಅಲ್ಲಿಯ ನಿವೇಶನಗಳನ್ನು ಮಾರದೆ ಗುತ್ತಿಗೆಗೆ ಕೊಡುವುದೆಂದು ಗೊತ್ತುಮಾಡಿದ್ದರು. ರಸ್ತೆಯಿಲ್ಲದ, ನೀರಿಲ್ಲದ, ಗಟ್ಟಿಯಾದ ಕಾನೂನಿನ ಆಧಾರವಿಲ್ಲದ ನಿವೇಶನವನ್ನು ಯಾವ ವಿವೇಕಿಯಾದ ವರ್ತಕನು ತಾನೆ ಗುತ್ತಿಗೆಗೆ ಹಿಡಿದಾನು? ವರ್ತಕರು ಬರಲಿಲ್ಲವೆಂದು ರಸ್ತೆಗೆ ಹಣವಿಲ್ಲ, ರಸ್ತೆಯಿಲ್ಲವೆಂದು ವರ್ತಕರಿಲ್ಲ. ಹೀಗೆ ನಾಲ್ಕೈದು ವರ್ಷಗಳು ಕಳೆದುವು.

ಗಂಟನ್ನು ಬಿಚ್ಚಿದುದು ಸಾಲ. ಮೊದಲ ಘಟ್ಟದ 400 ಎಕರೆಗೆ ರಸ್ತೆ, ನೀರಿನ ಕೊಳವೆ, ಚರಂಡಿ, ವಿದ್ಯುತ್ತು ಇವುಗಳನ್ನು ಒದಗಿಸಲು 2017ರಲ್ಲಿ ಇಟಲಿಯ ಕಂಪೆನಿಯೊಂದಿಗೆ ಸುಮಾರು 4,000 ಕೋಟಿ ಷಿಲ್ಲಿಂಗುಗಳ ಕರಾರಾಯಿತು. ಹಣವನ್ನು ಕೊಟ್ಟುದು ಇಟಲಿಯ ಬ್ಯಾಂಕು. 2019ನೆಯ ಏಪ್ರಿಲಿನಲ್ಲಿ ಚೀನಾದ ಹುವಾವೇ ಕಂಪೆನಿಯೊಡನೆ, ಮುಖ್ಯವಾಗಿ ಡೇಟಾ ಸೆಂಟರಿಗಾಗಿ, 1,750 ಕೋಟಿ ಷಿಲ್ಲಿಂಗುಗಳ ಒಪ್ಪಂದಕ್ಕೆ ರುಜು ಬಿದ್ದಿತು. ಉನ್ನತ ವಿಜ್ಞಾನ ವಿದ್ಯಾಲಯವೊಂದಕ್ಕೆ ದಕ್ಷಿಣ ಕೊರಿಯವು ಸುಮಾರು 9.5 ಕೋಟಿ ಡಾಲರುಗಳ ಸಾಲವನ್ನು ಒದಗಿಸಿತು. 2023ನೆಯ ಆಗಸ್ಟಿನಲ್ಲಿ ಅಧ್ಯಕ್ಷ ವಿಲಿಯಂ ರುಟೋ ಅವರು ಕೆನ್ಯಾದ ಮುಕ್ತ ವಿಶ್ವವಿದ್ಯಾಲಯಕ್ಕೆ ಸನದು ಕೊಟ್ಟು, ಅದರ ಕೇಂದ್ರವನ್ನು ಕೊಂಜಾದಲ್ಲಿ ನೆಲೆಗೊಳಿಸಿದರು. ಹುಲ್ಲುಗಾವಲಿನ ನಡುವೆ ಅಚ್ಚುಕಟ್ಟಾದ ರಸ್ತೆಗಳು ಹರಿದುವು, ದೀಪದ ಕಂಬಗಳು ನಿಂತುವು, ಪ್ರಾಧಿಕಾರದ ಕಚೇರಿಯ ಮಹಡಿಗಳೆದ್ದುವು. ಏನೂ ಆಗಿಲ್ಲವೆನ್ನುವುದು ಸುಳ್ಳು.

ಕೊರಿಯದವರ ಸಾಲದ ಹಿಂದೆ ಗಮನಿಸತಕ್ಕ ಸಂಗತಿಯೊಂದಿದೆ. ಯಾವ ಕೊರಿಯದ ವಿದ್ಯಾಲಯವನ್ನು ಮಾದರಿಯಾಗಿಟ್ಟುಕೊಂಡು ಕೆನ್ಯಾದವರು ಹೊರಟರೋ, ಅದು 1971ರಲ್ಲಿ ಅಮೆರಿಕದ 60 ಲಕ್ಷ ಡಾಲರುಗಳ ಸಾಲದಿಂದ ಹುಟ್ಟಿದುದು. ಅಂದು ಸಾಲ ಪಡೆದವರು ಇಂದು ಸಾಲ ಕೊಡುವವರಾಗಿದ್ದಾರೆ. ಆದಕಾರಣ ಸಾಲವೆಂದೊಡನೆ ಹೌಹಾರಬೇಕಾದುದಿಲ್ಲ. ಸಾಲದ ಹಣ ವಿದ್ಯೆಯಾಗಿ ಮಾರ್ಪಟ್ಟರೆ ಒಂದು ತಲೆಮಾರಿನೊಳಗೆ ತೀರುತ್ತದೆ. ಬರಿಯ ಕಟ್ಟಡವಾಗಿ ನಿಂತರೆ ಮಕ್ಕಳ ತಲೆಯ ಮೇಲೆ ಕೂರುತ್ತದೆ.

ಇಲ್ಲಿ ನೈರೋಬಿಯ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಕೈಫೋನಿನಿಂದಲೇ ಹಣವನ್ನು ಕಳುಹಿಸುವ, ಪಡೆಯುವ ‘ಎಂ-ಪೆಸಾ’ ಎಂಬ ವ್ಯವಸ್ಥೆ ಕೆನ್ಯಾದಲ್ಲಿ ಪ್ರಾರಂಭವಾದುದು 2007ರಲ್ಲಿ, ಕೊಂಜಾದ ಭೂಮಿಯನ್ನು ಕೊಳ್ಳುವುದಕ್ಕೂ ಎರಡು ವರ್ಷ ಮೊದಲು. ತರುಣ ಯಂತ್ರಜ್ಞರು ಕೂಡಿ ಕೆಲಸಮಾಡುವುದಕ್ಕಾಗಿ ‘ಐಹಬ್’ ಎಂಬ ಕೂಟಸ್ಥಾನ 2010ರಲ್ಲಿ ತೆರೆದುದು ನೈರೋಬಿಯ ಗಜಿಬಿಜಿಯ ರಸ್ತೆಯೊಂದರ ಕಟ್ಟಡದಲ್ಲಿ. ಲೋಕವೆಲ್ಲ ಕೊಂಡಾಡಿದ ಕೆನ್ಯಾದ ಯಂತ್ರಪ್ರತಿಭೆಯು ಹೊಸ ನಗರಕ್ಕಾಗಿ ಕಾಯಲಿಲ್ಲ. ಸಂತೆಯ ವ್ಯಾಪಾರಿ, ಊರಿಗೆ ಹಣ ಕಳುಹಿಸುವ ಕೂಲಿಕಾರ, ಇವರ ಅಗತ್ಯಗಳಿಂದ ಅದು ಬೆಳೆಯಿತು. ಹೊಸ ನಗರವು ಈ ಪ್ರತಿಭೆಗೆ ನೆರಳಾಗಬಲ್ಲುದು. ಅದನ್ನು ಅಪ್ಪಣೆಯಿಂದ ಹುಟ್ಟಿಸಲಾರದು.

ಇನ್ನು ನೀರಿನ ವಿಷಯ. ಕೊಂಜಾಕ್ಕೆ ಶಾಶ್ವತವಾದ ನೀರು ಬರಬೇಕಾದುದು ಮಕ್ವೇನಿ ಪ್ರಾಂತದಲ್ಲಿ ಅಥಿ ಮತ್ತು ಥ್ವಾಕೆ ನದಿಗಳ ಸಂಗಮದ ಬಳಿ ಕಟ್ಟುವ ಅಣೆಕಟ್ಟಿನಿಂದ. ಸುಮಾರು 80 ಮೀಟರು ಎತ್ತರದ ಈ ಕಟ್ಟೆಗೆ ಮುಖ್ಯವಾಗಿ ಆಫ್ರಿಕ ಅಭಿವೃದ್ಧಿ ಬ್ಯಾಂಕಿನ ಧನಸಹಾಯ. ಕಟ್ಟುವ ಗುತ್ತಿಗೆ ಚೀನಾದ ಕಂಪೆನಿಯದು. ಕೆಲಸ ಆರಂಭವಾದುದು 2018ರಲ್ಲಿ, ಎಂದರೆ ನಗರದ ಶಂಕುಸ್ಥಾಪನೆಯಾಗಿ ಐದು ವರ್ಷಗಳಾದ ಮೇಲೆ. ಆಮೇಲೂ ಗಡುವುಗಳು ಒಂದರ ಹಿಂದೊಂದು ಮೀರಿದುವು. ಆ ನೀರನ್ನು ನಂಬಿದವರು ಕೊಂಜಾದವರು ಮಾತ್ರವಲ್ಲ. ಸುತ್ತಣ ಒಣಸೀಮೆಯ ಹಳ್ಳಿಗಳಿಗೆ ಕುಡಿಯುವ ನೀರು, ಹೊಲಗಳಿಗೆ ನೀರಾವರಿ, ವಿದ್ಯುತ್ತು ಇವೆಲ್ಲವೂ ಅದರಿಂದಲೇ ಬರತಕ್ಕುವೆಂದು ಸರಕಾರದ ಮಾತು. ಇದಕ್ಕಿಂತ ಕಠಿನವಾದ ತೊಡಕು ಇನ್ನೊಂದಿದೆ. ನೈರೋಬಿಯ ಕೊಚ್ಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತ ನೈರೋಬಿ ನದಿಯು ಹೋಗಿ ಸೇರುವುದು ಅಥಿಯನ್ನೇ. ಹಳೆಯ ನಗರವು ತನ್ನ ಚರಂಡಿಯನ್ನು ಶುದ್ಧಿಮಾಡದೆ ಇದ್ದರೆ ಹೊಸ ನಗರವೂ ಅದರ ನೆರೆಯ ಹಳ್ಳಿಗಳೂ ಆ ಕೊಳೆಯನ್ನೇ ಕಟ್ಟೆಯಲ್ಲಿ ಕೂಡಿಟ್ಟಂತಾಗುವುದು. ಮೂಲೆಯ ಬಯಲಿನಲ್ಲಿ ಹೊಸದಾಗಿ ಆರಂಭಿಸಿದ ಮಾತ್ರಕ್ಕೆ ಹಳೆಯ ತಪ್ಪುಗಳಿಂದ ಪಾರಾಗಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ ವಿಷಯವು ಬೇಲಿಯ ಹೊರಗಿನದು. ನಗರದ ಸುತ್ತ ಅಡ್ಡಾದಿಡ್ಡಿಯಾಗಿ ಕೊಳಚೆಕೇರಿಗಳು ಏಳಬಾರದೆಂಬ ಉದ್ದೇಶದಿಂದ 10 ಕಿಲೋಮೀಟರು ಅಗಲದ ರಕ್ಷಣಾವಲಯವನ್ನು ಸರಕಾರವು ಗೊತ್ತುಪಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಆ ವಲಯಕ್ಕೆ ತಕ್ಕ ನಕ್ಷೆ ಸಿದ್ಧವಾಗುವುದಕ್ಕೆ ವರ್ಷಗಳೇ ಹಿಡಿದುವು. ಅಷ್ಟು ಕಾಲವೂ ಅಲ್ಲಿಯ ಭೂಮಾಲೀಕನು ತನ್ನ ಸ್ವಂತ ನೆಲವನ್ನು ಮಕ್ಕಳಿಗೆ ಹಂಚಬೇಕಾದರೂ, ಅದರಲ್ಲಿ ಮನೆ ಕಟ್ಟಬೇಕಾದರೂ ನಿರ್ಬಂಧ. ನಗರ ಬಂದು ಅವನಿಗೆ ಉದ್ಯೋಗ ಕೊಡಲಿಲ್ಲ, ಕೊಳವೆ ಬಂದು ನೀರು ಕೊಡಲಿಲ್ಲ. ನಿರ್ಬಂಧ ಮಾತ್ರ ಎಲ್ಲಕ್ಕಿಂತ ಮೊದಲು ಬಂದಿತು. ಹೊಸ ನಗರದ ಪ್ರಥಮ ತೆರಿಗೆಯನ್ನು ತೆತ್ತವನು ಅಲ್ಲಿ ಕಚೇರಿ ತೆರೆದ ಶ್ರೀಮಂತನಲ್ಲ, ಬೇಲಿಯಾಚೆಯ ರೈತನು. ಇದನ್ನು ಬರಿಯ ವಿಳಂಬವೆನ್ನಲು ನಮಗೆ ಮನಸ್ಸೊಪ್ಪದು. ಇದು ಅನ್ಯಾಯ.

ನಕ್ಷೆಯನ್ನು ಬರೆದವರು ಅಮೆರಿಕದವರು, ರಸ್ತೆ ಇಟಲಿಯವರದು, ಯಂತ್ರಗಳು ಚೀನಾದವು, ವಿದ್ಯಾಲಯ ಕೊರಿಯದ ಸಾಲದ್ದು. ಕೆನ್ಯಾದ ಪ್ರಜೆಗೆ ಉಳಿದುದು ನೆಲವೂ ಸಾಲದ ಕಂತೂ. ನಿವೇಶನ ಹಿಡಿದವರು ಮನೆ ಕಟ್ಟಲಿ ಬಿಡಲಿ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. 2024ನೆಯ ಜೂನಿನಲ್ಲಿ ಹೊಸ ತೆರಿಗೆಗಳ ಮಸೂದೆಯನ್ನು ಪ್ರತಿಭಟಿಸಿ ಕೆನ್ಯಾದ ಯುವಕ ಯುವತಿಯರು ಬೀದಿಗಿಳಿದರು, ಪ್ರಾಣಹಾನಿಯೂ ಆಯಿತು, ಕೊನೆಗೆ ಅಧ್ಯಕ್ಷರು ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಸಾಲದ ಹೊರೆ ಇಡೀ ದೇಶದ್ದು, ಕೊಂಜಾ ಒಂದರಿಂದಲೇ ಆದುದಲ್ಲವೆಂಬುದು ನಿಜ. ಆದರೆ ಕೈಫೋನುಗಳ ಮೂಲಕವೇ ಸಂಘಟಿತರಾಗಿ ಬಂದ ಆ ತರುಣರು ಯಾರು? ಯಾರ ಹೆಸರಿನಲ್ಲಿ 2 ಲಕ್ಷ ಉದ್ಯೋಗಗಳ ವಾಗ್ದಾನವಾಗಿತ್ತೋ ಅವರೇ. ಇದನ್ನು ಅಲ್ಲಿಯ ಆಳುವವರು ಮರೆಯಕೂಡದು.

ಹಾಗೆಂದು ಕೊಂಜಾ ವ್ಯರ್ಥವಾಯಿತೆಂದು ತೀರ್ಪು ಕೊಡಲು ನಾವು ಸಿದ್ಧರಿಲ್ಲ. 1899ರಲ್ಲಿ ನೈರೋಬಿಯೂ ಜೌಗು ನೆಲದ ಮೇಲಿನ ರೈಲ್ವೆ ಠಾಣ್ಯವೊಂದೇ ಆಗಿತ್ತು. ನಗರದ ಆಯುಷ್ಯವನ್ನು ಚುನಾವಣೆಯ ಗಡುವಿನಿಂದ ಅಳೆಯಲಾಗದು. ಘಾನಾ ದೇಶದಲ್ಲಿ 2013ರಲ್ಲಿಯೇ ಸಾರಲ್ಪಟ್ಟ ‘ಹೋಪ್ ಸಿಟಿ’ ಎಂಬ ತಾಂತ್ರಿಕ ನಗರವು ಚಿತ್ರದಲ್ಲಿಯೇ ಉಳಿದುದನ್ನು ನೋಡಿದರೆ, ರಸ್ತೆ ಹಾಸಿ ದೀಪ ಹಚ್ಚುವವರೆಗೆ ಬಂದ ಕೊಂಜಾದವರ ಛಲ ಮೆಚ್ಚತಕ್ಕುದೇ ಸರಿ. ಆದರೆ ಕಟ್ಟಡಗಳನ್ನು ಎಣಿಸುವುದರಿಂದ ಆ ನಗರದ ಪರೀಕ್ಷೆಯಾಗದು. ಅಣೆಕಟ್ಟಿನ ಕೊಳವೆಯು ಗಾಜಿನ ಕಚೇರಿಗಳಿಗೆ ಹೋಗುವ ದಾರಿಯಲ್ಲಿ ಮಕ್ವೇನಿಯ ಹಳ್ಳಿಗಳಲ್ಲಿಯೂ ಬಾಯ್ದೆರೆಯುವುದೋ? ಬೇಲಿಯಾಚೆಯ ರೈತನಿಗೆ ತನ್ನ ನೆಲದ ಮೇಲೆ ಪೂರ್ಣ ಸ್ವಾತಂತ್ರ್ಯ ಬರುವುದೋ? ಅವನ ಮಗಳು ಆ ವಿದ್ಯಾಲಯದ ಬಾಗಿಲನ್ನು ಹೊಗುವಳೋ? ಸಾಲದ ಲೆಕ್ಕ ವರ್ಷವರ್ಷವೂ ಪ್ರಜೆಗಳ ಮುಂದೆ ಬರುವುದೋ? ಈ ನಾಲ್ಕು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ದಿನ ಕೊಂಜಾ ನಗರವಾಗುವುದು. ಅಲ್ಲಿಯವರೆಗೆ ಅದು ದೀಪ ಹಚ್ಚಿದ ಬಯಲು. ಊರು ಕಟ್ಟುವವರು ಮೊದಲು ಕೆರೆ ಕಟ್ಟಬೇಕೆಂಬ ಹಿರಿಯರ ಕ್ರಮವನ್ನು ಕೆನ್ಯಾದ ಬಂಧುಗಳು ತಡವಾಗಿಯಾದರೂ ಹಿಡಿದಿದ್ದಾರೆ. ಕೆರೆಯ ನೀರಿನಲ್ಲಿ ಮೊದಲ ಪಾಲು ನೆರೆಯವನದೆಂಬುದನ್ನೂ ಅವರು ನೆನಪಿನಲ್ಲಿಡಲೆಂದು ಹಾರೈಸುತ್ತೇವೆ.