ಮಿಡಿಸೌತೆ ಇಲ್ಲಿ, ಬಾಟಲಿ ಅಲ್ಲಿ: ನಷ್ಟ ಯಾರ ಪಾಲಿಗೆ?

ಬೆಳಕು ಹರಿಯುವ ಹೊತ್ತಿಗೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಬಿಡಿಸಬೇಕಾದದ್ದು ಬೆರಳುದ್ದದ ಮಿಡಿಸೌತೆ. ಇವತ್ತು ಬಳ್ಳಿಯಲ್ಲೇ ಉಳಿದ ಕಾಯಿ ನಾಳೆಗೆ ದಪ್ಪವಾಗಿ ದರ್ಜೆ ಕಳೆದುಕೊಳ್ಳುತ್ತದೆ. ಇನ್ನೆರಡು ದಿನ ಬಿಟ್ಟರೆ ಅದು ದನಕ್ಕೇ ಸೈ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವೆಲ್ಲ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ, ಮಳೆ ಕಡಿಮೆಯಿರುವ ತಾಲ್ಲೂಕುಗಳು. ಶೇಂಗಾ, ಜೋಳ, ಮೆಕ್ಕೆಜೋಳ, ಈರುಳ್ಳಿ ಇಲ್ಲಿನ ಪರಿಚಿತ ಬೆಳೆಗಳು. ಹಡಗಲಿಗೆ ಮಲ್ಲಿಗೆಯ ಹೆಸರಿದೆ. ಕೊಳವೆಬಾವಿ ಇರುವ ಸಣ್ಣ ರೈತರಿಗೆ ಮಿಡಿಸೌತೆ ಮತ್ತೊಂದು ದಾರಿ.

ಹೊರದೇಶದ ಕೆಲಸ

ಈ ಕಾಯಿಯ ಉಪ್ಪಿನಕಾಯಿ ತಿನ್ನುವವರು ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾಗಳ ಜನ. ದಿನವೂ ಬಗ್ಗಿ ಕಾಯಿ ಬಿಡಿಸುವ ಕೂಲಿ ಅಲ್ಲಿ ಬಲು ದುಬಾರಿ. ಆದ್ದರಿಂದ ಬೆಳೆಸುವ, ಉಪ್ಪುನೀರು ಅಥವಾ ವಿನೆಗರ್‌ನಲ್ಲಿ ಹಾಕಿ ಡ್ರಮ್ಮಿಗೆ ತುಂಬುವ ಕೆಲಸವನ್ನು ಅಲ್ಲಿನ ಕಂಪನಿಗಳು ಹೊರಗಿನವರಿಗೆ ಒಪ್ಪಿಸುತ್ತವೆ. ಭಾರತದಲ್ಲಿ ಈ ಉದ್ಯಮ ಮೊದಲು ಕಾಲಿಟ್ಟದ್ದು ಕರ್ನಾಟಕದಲ್ಲೇ, 1990ರ ದಶಕದ ಆರಂಭದಲ್ಲಿ. 2020–21ರಲ್ಲಿ ದೇಶದಿಂದ 2,23,515 ಟನ್ ಸೌತೆ, ಮಿಡಿಸೌತೆ ರಫ್ತಾಯಿತು. ಅದರ ಬೆಲೆ 22.3 ಕೋಟಿ ಡಾಲರ್. ಕೇಂದ್ರ ಸರ್ಕಾರ 2022ರಲ್ಲಿ ಕೊಟ್ಟ ಲೆಕ್ಕದಂತೆ ಸುಮಾರು 90,000 ಸಣ್ಣ ರೈತರು ಕರಾರಿನ ಮೇಲೆ ಇದನ್ನು ಬೆಳೆಯುತ್ತಾರೆ. ಇದು 90 ದಿನಗಳ ಬೆಳೆ. ಅದೇ 2022ರ ಲೆಕ್ಕದಂತೆ ಎಕರೆಗೆ ಸರಾಸರಿ 4 ಟನ್ ಇಳುವರಿ, 80,000 ರೂಪಾಯಿ ಆದಾಯ ಇತ್ತು. ಖರ್ಚು ಕಳೆದು ಉಳಿಯುತ್ತಿದ್ದದ್ದು 40,000.

ಯಾರ ಭಯ ಏನು?

ಸಾವಿರಾರು ಮೈಲಿ ದೂರದ ಖರೀದಿದಾರ ಹೊಲವನ್ನು ಕಣ್ಣಾರೆ ಕಾಣಲಾರ. ಅವನ ದೊಡ್ಡ ಭಯ ಕೀಟನಾಶಕದ ಶೇಷ. ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಗಳಿಗೆ ಯುರೋಪ್ ಒಕ್ಕೂಟದ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಕಾಯಿಯಲ್ಲಿ ಒಂದೇ ಗ್ರಾಂ! ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಈ ಭಯದಿಂದಲೇ ರಫ್ತು ಕಂಪನಿ ಬೀಜ, ಗೊಬ್ಬರ, ಔಷಧಿಗಳನ್ನು ತಾನೇ ಸಾಲವಾಗಿ ಕೊಡುತ್ತದೆ. ಸಿಬ್ಬಂದಿಯನ್ನು ಹೊಲಕ್ಕೆ ಕಳಿಸುತ್ತದೆ. ಮಾದರಿ ತೆಗೆದು ಪರೀಕ್ಷೆ ಮಾಡಿಸುತ್ತದೆ. ಒಂದು ಊರಲ್ಲಿ ಬೆಳೆ ಕೆಟ್ಟರೆ ಇನ್ನೊಂದು ಊರಿನ ಕಾಯಿ ಕೈಗೆ ಸಿಗುವಂತೆ ಹಲವು ಕಡೆ ಬೆಳೆಸುತ್ತದೆ.

ರೈತನಿಗೆ ಇಷ್ಟು ದಾರಿಗಳಿಲ್ಲ. ಈರುಳ್ಳಿಯಾದರೆ ಈ ಮಂಡಿ ಬಿಟ್ಟರೆ ಆ ಮಂಡಿ. ಮಿಡಿಸೌತೆಯನ್ನು ಸಂತೆಗೆ ಒಯ್ದರೆ ಕೇಳುವವರೇ ಇಲ್ಲ. ದರ ಮೊದಲೇ ಗೊತ್ತಾಗಿರುವುದು ನಿಜ, ಆದರೆ ಅದು ದರ್ಜೆಗೆ ತಕ್ಕ ದರ. ಕಿಲೋಗೆ ಹೆಚ್ಚು ಕಾಯಿ ತೂಗುವ ಎಳೆಮಿಡಿಗೆ ಹೆಚ್ಚು ಹಣ. ದಪ್ಪ ಕಾಯಿಗೆ ಕಡಿಮೆ. ದರ್ಜೆ ಇಳಿದರೂ, ಮಾಲು ತಿರಸ್ಕೃತವಾದರೂ ಬೀಜ-ಗೊಬ್ಬರದ ಸಾಲ ಮಾತ್ರ ಹಾಗೆಯೇ ನಿಂತಿರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತೆ!

ದೂರದ ಗಾಳಿಯೂ ಇಲ್ಲಿಗೆ ಬೀಸುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಸಾಗಬೇಕಾಯಿತು. ದಿನಗಳೂ ಬಾಡಿಗೆಯೂ ಏರಿದವು. ಇಂಥ ನಷ್ಟವನ್ನು ಹೊರುವವರು ಯಾರು? ಉತ್ತರ ಕರಾರುಪತ್ರದಲ್ಲಿರಬೇಕು.

ಓದು ಬಲ್ಲವರ ಪಾಲು

ಇಲ್ಲಿಯೇ ಮನೆಯ ವಿದ್ಯಾರ್ಥಿಯ ಕೆಲಸ ಶುರುವಾಗುವುದು. ಸಹಿ ಹಾಕುವ ಮುನ್ನ ಕರಾರನ್ನು ಅಪ್ಪ-ಅಮ್ಮನಿಗೆ ಓದಿ ಹೇಳಬೇಕು. ದರ್ಜೆ ನಿರ್ಧರಿಸುವವರು ಯಾರು, ತೂಕ ಎಲ್ಲಿ, ಹಣ ಎಷ್ಟು ದಿನಕ್ಕೆ, ತಿರಸ್ಕರಿಸಿದರೆ ಲಿಖಿತ ಕಾರಣ ಕೊಡುತ್ತಾರೆಯೇ, ಬೆಳೆ ಹೋದರೆ ಸಾಲದ ಗತಿ ಏನು ಎಂದು ಕೇಳಬೇಕು. ಕರಾರಿನ ಒಂದು ಪ್ರತಿ ಮನೆಯಲ್ಲಿರಬೇಕು. ಯಾವ ದಿನ ಯಾವ ಔಷಧಿ ಎಷ್ಟು ಸಿಂಪಡಿಸಲಾಯಿತು, ಎಷ್ಟು ಕಿಲೋ ಕಾಯಿ ಹೋಯಿತು ಎಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ತಕರಾರು ಬಂದಾಗ ಅದೇ ಸಾಕ್ಷಿ. ಇರುವ ಜಮೀನನ್ನೆಲ್ಲ ಇದೊಂದಕ್ಕೇ ಒಡ್ಡದೆ ಒಂದಿಷ್ಟರಲ್ಲಿ ಜೋಳವನ್ನೋ ಶೇಂಗಾವನ್ನೋ ಉಳಿಸಿಕೊಳ್ಳುವುದು ಜಾಣತನ.

ಪಾಲಕರಿಗೂ ಒಂದು ಮಾತು. ಹೊರದೇಶದ ಅನೇಕ ಖರೀದಿದಾರರು ಬಾಲಕಾರ್ಮಿಕರ ದುಡಿಮೆ ಇಲ್ಲವೆಂಬ ಖಾತರಿ ಕೇಳುತ್ತಾರೆ. ಅವರು ಕೇಳಲಿ, ಬಿಡಲಿ, ಕಾಯಿ ಬಿಡಿಸಲು ಮಕ್ಕಳ ಶಾಲೆ ಬಿಡಿಸಬಾರದು. ಮುಂದಿನ ಕರಾರನ್ನು ಓದಬೇಕಾದವರು ಅವರೇ.