ಗುಡುಗಿನೊಳಗಿನ ಗಾಂಧಾರ

ಎಲೆಕ್ಟ್ರಿಕ್ ಗಿಟಾರಿನ ಅತಿ ದಪ್ಪ ತಂತಿಯನ್ನು ಹಾಗೇ ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 82.4 ಸಲ ಕಂಪಿಸುತ್ತದೆ. ಅದನ್ನೇ ಷಡ್ಜ ಎಂದಿಟ್ಟುಕೊಳ್ಳೋಣ. ಪಕ್ಕದ ತಂತಿಯ ಎರಡನೇ ಮನೆಯಲ್ಲಿ ಬೆರಳೂರಿದರೆ ಪಂಚಮ ಸಿಗುತ್ತದೆ, ಸುಮಾರು 123.6. ಎರಡನ್ನೂ ಒಟ್ಟಿಗೆ ಬಾರಿಸಿದರೆ ಬರುವ ಜೋಡಿಸ್ವರಕ್ಕೆ ರಾಕ್ ಸಂಗೀತದವರು ಪವರ್ ಕಾರ್ಡ್ ಎನ್ನುತ್ತಾರೆ. ಅದರಲ್ಲಿರುವುದು ಬರಿಯ ಸ ಮತ್ತು ಪ. ಈ ಜೋಡಿಯನ್ನು ಹೈ-ಗೇನ್ ಆಂಪ್ಲಿಫೈಯರಿಗೆ ಕೊಟ್ಟು ಕಿವಿಗೊಟ್ಟು ಕೇಳಿ. ಆ ಗುಡುಗಿನ ಒಳಗೆ ಯಾರೂ ಮೀಟದ ಅಂತರಗಾಂಧಾರವೊಂದು ನಿಂತಿರುತ್ತದೆ. ಷಡ್ಜದ ಕೆಳಗೆ, ಗಿಟಾರಿನ ಯಾವ ತಂತಿಯೂ ಇಳಿಯಲಾಗದ ಆಳದಲ್ಲಿ, ಇನ್ನೊಂದು ಷಡ್ಜವೂ ಇರುತ್ತದೆ.

ಲೆಕ್ಕ ಸುಲಭ. 82.4ಕ್ಕೆ 123.6 ಕೂಡಿಸಿದರೆ 206. ಮೇಲಿನ ಷಡ್ಜ 164.8, ಅದರ ಐದು ಕಾಲಂಶ ಕೂಡ ಸರಿಯಾಗಿ 206. ಅದೇ ಅಂತರಗಾಂಧಾರ. ಕಳೆದರೆ ಉಳಿಯುವುದು 41.2, ಒಂದು ಸ್ಥಾಯಿ ಕೆಳಗಿನ ಷಡ್ಜ. ತಂಬೂರಿಯ ಮಂದ್ರ ತಂತಿಯಲ್ಲಿ ಸ್ವಯಂಭೂ ಗಾಂಧಾರ ಕೇಳಿ ಬಲ್ಲವರಿಗೆ ಇದರಲ್ಲೇನು ಹೊಸತು ಅನ್ನಿಸಬಹುದು. ಆದರೆ ಎರಡರ ಹುಟ್ಟೂ ಬೇರೆ. ತಂಬೂರಿಯದು ಒಂದೇ ತಂತಿಯ ಐದನೇ ಉಪಸ್ವರ. ಅದು ಮೊದಲೇ ತಂತಿಯಲ್ಲಿದ್ದದ್ದು, ಕುದುರೆಯ ಮೇಲಿನ ದಾರ ಅದನ್ನು ಎತ್ತಿ ತೋರಿಸುತ್ತದೆ. ಗಿಟಾರಿನ ಈ 206 ಮಾತ್ರ ಎರಡು ತಂತಿಗಳ ಕೂಡುವಿಕೆಯಿಂದ ಆಂಪ್ಲಿಫೈಯರಿನ ಒಳಗೇ ಹುಟ್ಟಿದ್ದು. ನಿಷ್ಠೆಯಿಂದ ದೊಡ್ಡದು ಮಾಡುವ ಯಂತ್ರ ಹೊಸ ಸ್ವರ ಹುಟ್ಟಿಸುವುದಿಲ್ಲ. ಕೊಟ್ಟ ಅಲೆಯ ಆಕಾರವನ್ನು ಕೆಡಿಸುವ ಯಂತ್ರವೇ ಬೇಕು.

ಮೊದಮೊದಲು ಆ ಕೆಡುವಿಕೆ ಆಕಸ್ಮಿಕವಾಗಿತ್ತು. 1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ‘ರಾಕೆಟ್ 88’ ಹಾಡಿನ ಧ್ವನಿಮುದ್ರಣವಾದಾಗ ಪೆಟ್ಟು ತಿಂದಿದ್ದ ಆಂಪಿನೊಳಗೆ ಕಾಗದ ತುರುಕಿ ಕೆಲಸ ನಡೆಸಿದರು. ಆ ಒರಟು ದನಿ ಹಾಡಿಗೇ ಒಗ್ಗಿಬಿಟ್ಟಿತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬೇಕೆಂದೇ ಬ್ಲೇಡಿನಿಂದ ಸ್ಪೀಕರಿನ ಕಾಗದ ಸೀಳಿದ. ಸ್ಪೀಕರನ್ನು ಸೀಳದೆ, ಬೇಕೆಂದಾಗ ಬೇಕಾದಷ್ಟು ಅಲೆ ಕೆಡಿಸುವ ಸಾಧನವೂ ಆಂಪಿನಲ್ಲೇ ಇತ್ತು. ಅದು ವಾಲ್ವ್.

ಹಳೆಯ ವಾಲ್ವ್ ರೇಡಿಯೊ ಕಂಡವರಿಗೆ ಗೊತ್ತು, ಗುಂಡಿ ತಿರುಗಿಸಿ ಒಳಗಿನ ಗಾಜಿನ ಬುರುಡೆಗಳು ಕೆಂಪಗಾಗುವವರೆಗೆ ಕಾಯಬೇಕಿತ್ತು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ಇಂಥ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ರೇಡಿಯೊದಿಂದ ಅವು ಹೋಗಿ ಎಷ್ಟೋ ಕಾಲವಾಯಿತು, ಗಿಟಾರ್ ಆಂಪಿನಲ್ಲಿ ಇನ್ನೂ ಉರಿಯುತ್ತಿವೆ. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ತಟ್ಟೆಯತ್ತ ಹರಿಯುತ್ತವೆ. ನಡುವೆ ತೆಳ್ಳನೆಯ ತಂತಿಯ ಜಾಲರಿ. ಜಾಲರಿಯ ಮೇಲಿನ ಪುಟ್ಟ ವೋಲ್ಟೇಜು ತುಸು ಅಲುಗಿದರೆ ತಟ್ಟೆಯ ಬಳಿ ದೊಡ್ಡ ಏರಿಳಿತ. ಗಿಟಾರ್ ಆಂಪುಗಳ ಮುಖ್ಯ ವಾಲ್ವ್ 12ಎಎಕ್ಸ್7. ಒಂದೇ ಬುರುಡೆಯಲ್ಲಿ ಎರಡು ಹಂತಗಳಿರುತ್ತವೆ, ಒಂದೊಂದು ಹಂತವೂ ಅಲೆಯನ್ನು ಐವತ್ತು ಪಟ್ಟು ಹಿಗ್ಗಿಸಬಲ್ಲದು. ತಂತಿಯಿಂದ ಬಂದ ಒಂದು ವೋಲ್ಟಿನ ಹತ್ತನೇ ಒಂದು ಭಾಗ ಮೊದಲ ಹಂತದಲ್ಲೇ ಐದು ವೋಲ್ಟಾಗುತ್ತದೆ. ಆದರೆ ಮುಂದಿನ ಜಾಲರಿ ತಡೆಯುವುದು ಒಂದೂವರೆ ವೋಲ್ಟಿನಷ್ಟು ಏರಿಳಿತವನ್ನು ಮಾತ್ರ. ಉಳಿದದ್ದು ನೆತ್ತಿ ಸವರಿಸಿಕೊಂಡು ಚಪ್ಪಟೆಯಾಗುತ್ತದೆ. ಹೀಗೆ ಹಂತದ ಮೇಲೆ ಹಂತ ಪೇರಿಸಿ ಚಪ್ಪಟೆ ಮಾಡುವುದೇ ಹೈ-ಗೇನ್. ಕ್ಯಾಲಿಫೋರ್ನಿಯಾದ ರ್‍ಯಾಂಡಲ್ ಸ್ಮಿತ್ ತಮ್ಮ ಮೆಸಾ ಬೂಗಿ ಆಂಪುಗಳಲ್ಲಿ 1970ರ ದಶಕದ ಆರಂಭದಲ್ಲೇ ಹೆಚ್ಚುವರಿ ಹಂತವೊಂದನ್ನು ಸೇರಿಸಿ ಈ ದಾರಿ ತೆರೆದರು.

ಚಪ್ಪಟೆ ಮಾಡುವುದರಲ್ಲೂ ಎರಡು ಬಗೆ. ಅಲೆಯ ನೆತ್ತಿ ಮತ್ತು ತಳ ಎರಡನ್ನೂ ಸಮನಾಗಿ ಸವರಿದರೆ ಬೆಸ ಸಂಖ್ಯೆಯ ಉಪಸ್ವರಗಳಷ್ಟೇ ಹುಟ್ಟುತ್ತವೆ. ಒಂದು ಮಗ್ಗುಲನ್ನು ಹೆಚ್ಚು ಸವರಿದರೆ ಸಮ ಸಂಖ್ಯೆಯವೂ ಜೊತೆಗೂಡುತ್ತವೆ. ಎರಡು ಸ್ವರಗಳ ನೇರ ಮೊತ್ತ, ಅಂದರೆ ನಮ್ಮ 206ರ ಗಾಂಧಾರ, ಹುಟ್ಟುವುದೂ ಈ ಓರೆ ಸವರುವಿಕೆಯಿಂದಲೇ. ಆಂಪ್ ಕಟ್ಟುವವರು ಇದಕ್ಕಾಗಿಯೇ ಒಂದು ಹಂತವನ್ನು ‘ತಣ್ಣಗೆ’ ಇಡುತ್ತಾರೆ. ಕ್ಯಾಥೋಡಿಗೆ ಸಾಮಾನ್ಯವಾಗಿ ಹಾಕುವ ಸಾವಿರ, ಒಂದೂವರೆ ಸಾವಿರ ಓಮ್‌ನ ರೆಸಿಸ್ಟರ್ ಬದಲು ಅದರ ಎಷ್ಟೋ ಪಟ್ಟು ದೊಡ್ಡದನ್ನು ಹಾಕಿ, ವಾಲ್ವ್ ಹೆಚ್ಚುಕಡಿಮೆ ಮುಚ್ಚಿಯೇ ಇರುವಂತೆ ಮಾಡುತ್ತಾರೆ. ಆಗ ಅಲೆಯ ಒಂದು ಮಗ್ಗುಲು ಚೆನ್ನಾಗಿ ದಾಟುತ್ತದೆ, ಇನ್ನೊಂದು ಬಾಗಿಲಲ್ಲೇ ತುಂಡಾಗುತ್ತದೆ. 1981ರಲ್ಲಿ ಬಂದ ಮಾರ್ಷಲ್ ಜೆಸಿಎಂ800ರ ಎರಡನೇ ಹಂತದಲ್ಲಿ ಈ ರೆಸಿಸ್ಟರ್ 10,000 ಓಮ್. 1987ರ ಸೋಲ್ಡಾನೋ ಎಸ್ಎಲ್ಓ-100ರಲ್ಲಿ 39,000. ಮೆಸಾದ ಡ್ಯುಯಲ್ ರೆಕ್ಟಿಫೈಯರ್, ಗಿಟಾರಿಗ ಎಡ್ಡಿ ವ್ಯಾನ್ ಹೇಲನ್‌ಗಾಗಿ ಪೀವಿ ಕಂಪನಿ 1992ರಲ್ಲಿ ತಂದ 5150, ಎರಡರಲ್ಲೂ ಅದೇ 39,000. ಈ ಮೂರರ ನಕ್ಷೆಗಳನ್ನು ಪಕ್ಕಪಕ್ಕ ಹರಡಿ ನೋಡಿದವರು ಇವು ದಾಯಾದಿಗಳೆಂದು ಗುರುತಿಸದೇ ಇರಲಾರರು.

ಹಾಗಾದರೆ ಒಂದೇ ಬೇರಿನ ಈ ಆಂಪುಗಳ ದನಿ ಯಾಕೆ ಇಷ್ಟು ಬೇರೆ? ಯಾವುದರಲ್ಲಿ ಗೇನ್ ಹೆಚ್ಚು ಎಂದು ಕೇಳುವವರೇ ಹೆಚ್ಚು. ನನ್ನ ಕಿವಿಗೆ ಆ ಪ್ರಶ್ನೆಯಿಂದ ಹೆಚ್ಚೇನೂ ಸಿಗದು. ಅಲೆ ಕೆಡುವ ಮೊದಲು ಯಾವುದನ್ನು ಹೊರಗಿಟ್ಟರು, ಕೆಟ್ಟ ಮೇಲೆ ಯಾವುದನ್ನು ಮರಳಿ ಸೇರಿಸಿದರು, ಇದನ್ನು ಕೇಳಬೇಕು. ಗಿಟಾರಿನ ತಗ್ಗುಸ್ವರಗಳದ್ದು ದೊಡ್ಡ ಅಲೆ. ಅದು ಇಡಿಯಾಗಿ ವಾಲ್ವ್‌ಗೆ ನುಗ್ಗಿದರೆ ಅದರ ಮೇಲೆ ಸವಾರಿ ಮಾಡುವ ಸಣ್ಣ ಅಲೆಗಳು ಚಪ್ಪಟೆಯಾದ ಜಾಗದಲ್ಲಿ ಅಳಿಸಿಹೋಗುತ್ತವೆ. ಕೇಳುವವನಿಗೆ ಸಿಗುವುದು ರಾಡಿ. ಅದಕ್ಕೇ ಜೆಸಿಎಂ800ರ ಮೊದಲ ಹಂತಗಳಲ್ಲಿ ತಗ್ಗುಸ್ವರವನ್ನು ತಡೆಯುವ ಚಿಕ್ಕ ಕೆಪ್ಯಾಸಿಟರ್‌ಗಳಿವೆ. ಅದರ ದನಿ ನಡುಸ್ಥಾಯಿಯಲ್ಲಿ ಗಟ್ಟಿಯಾಗಿ ನಿಂತು, ಮುಂಚಾಚಿ, ಒಂದಿಷ್ಟು ಗದರುವಂತೆ ಬರುತ್ತದೆ. ರೆಕ್ಟಿಫೈಯರ್ ಹೆಚ್ಚು ತಗ್ಗನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದನಿಗೆ ಗೋಡೆಯಂಥ ಅಗಲ ಬರುತ್ತದೆ, ಅಂಚು ಮಾತ್ರ ಮೆತ್ತಗೆ. 5150 ಇವೆರಡರ ನಡುವೆ ಬಿಗಿಯಾಗಿ, ಮರಳುಕಾಗದದಂಥ ಸಣ್ಣ ಒರಟು ಹೊತ್ತು ಬರುತ್ತದೆ.

ಮೆಸಾದ ಇನ್ನೊಂದು ವಂಶವಾದ ಮಾರ್ಕ್ ಸರಣಿ ಈ ಪ್ರಶ್ನೆಗೆ ತೀರಾ ಬೇರೆ ಉತ್ತರ ಕಂಡುಕೊಂಡಿತು. ಮಾರ್ಷಲ್, ಸೋಲ್ಡಾನೋಗಳಲ್ಲಿ ಬಾಸ್, ಮಿಡ್, ಟ್ರೆಬಲ್ ಗುಂಡಿಗಳಿರುವುದು ಅಲೆ ಕೆಟ್ಟಾದ ಮೇಲೆ. ಮಾರ್ಕ್‌ನಲ್ಲಿ ಅವು ಕೆಡುವ ಮೊದಲೇ ಇವೆ. ಹಾಗಾಗಿ ಬಾಸ್ ಗುಂಡಿಯನ್ನು ಸೊನ್ನೆಯ ಹತ್ತಿರವೇ ಇಡಬೇಕು. ಹೊಸಬರು ಬಾಸ್ ಹೆಚ್ಚಿಸಿ, ಬಂದ ರಾಡಿಗೆ ಬೆಚ್ಚಿ, ಆಂಪನ್ನೇ ದೂರುತ್ತಾರೆ. ಕಳೆದುಕೊಂಡ ತಗ್ಗನ್ನು ಮರಳಿ ಕೊಡಲು ಮುಂದೆ ಐದು ಜಾರುಗುಂಡಿಗಳ ಪಟ್ಟಿಯಿದೆ: 80, 240, 750, 2200, 6600 ಹರ್ಟ್ಸ್. ನಡುವಿನ 750ನ್ನು ಇಳಿಸಿ ಎರಡು ತುದಿ ಎತ್ತಿದರೆ ಇಂಗ್ಲಿಷ್ ವಿ ಅಕ್ಷರದ ಆಕಾರ. ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮಿನ ಕೊರೆದಂಥ ಗಿಟಾರ್ ದನಿಯ ಹಿಂದೆ ಇದ್ದದ್ದು ಈ ಸರಣಿಯ ಟೂ-ಸಿ-ಪ್ಲಸ್. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅದೇ ತಂಡವನ್ನು ಕೇಳಿದ ಬೆಂಗಳೂರಿನ ಎಷ್ಟೋ ಮಂದಿ ಆ ದನಿಯನ್ನು ಕ್ಯಾಸೆಟ್ಟಿನ ಕಾಲದಿಂದಲೇ ಕಿವಿಯಲ್ಲಿಟ್ಟುಕೊಂಡು ಬಂದವರು.

ಇದೇ ತರ್ಕ ತಿಳಿದರೆ ಗಿಟಾರಿಗರ ಒಂದು ವಿಚಿತ್ರ ಅಭ್ಯಾಸವೂ ಅರ್ಥವಾಗುತ್ತದೆ. ಈಗಾಗಲೇ ಭೋರ್ಗರೆಯುವ ಆಂಪಿನ ಮುಂದೆ ಅವರು ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಡಲ್ ಇಡುತ್ತಾರೆ, ಅದರ ಡ್ರೈವ್ ಗುಂಡಿಯನ್ನು ಮಾತ್ರ ಪೂರ್ತಿ ಇಳಿಸಿ! ಅವರಿಗೆ ಬೇಕಿರುವುದು ಅದರ ಡಿಸ್ಟಾರ್ಷನ್, ಅಂದರೆ ಅಲೆ ಕೆಡಿಸುವ ಗುಣ, ಅಲ್ಲ. 720 ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ಹಿಂದೆ ಸರಿಸುತ್ತದೆ, ಮೇಲಿನದನ್ನು ಮುಂದೆ ತಳ್ಳುತ್ತದೆ. ಸಡಿಲವಾದ ರೆಕ್ಟಿಫೈಯರ್ ಕೂಡ ಆಗ ಬಿಗಿಯಾಗಿ ಕಚ್ಚುತ್ತದೆ.

ಇಷ್ಟು ಕಿವಿಯ ಮಾತು. ಕೈಗೆ ಸಿಗುವುದು ಬೇರೆ, ಗಿಟಾರಿಗರು ಅದನ್ನು ಫೀಲ್ ಎನ್ನುತ್ತಾರೆ. ಧ್ವನಿಮುದ್ರಣ ಕೇಳುವವನಿಗೆ ಅದು ದಕ್ಕುವುದೇ ಇಲ್ಲ, ನುಡಿಸುವವನಿಗೆ ಮೊದಲ ಮೀಟಿನಲ್ಲೇ ಗೊತ್ತಾಗುತ್ತದೆ. ಅಂಗೈಯ ಅಂಚನ್ನು ಬ್ರಿಜ್ ಮೇಲೊತ್ತಿ ದಪ್ಪ ತಂತಿಯನ್ನು ಹೊಡೆಯಿರಿ. ‘ಜಗ್’ ಎಂದು ಹುಟ್ಟಿ ಥಟ್ಟನೆ ಸಾಯಬೇಕು. ಎಷ್ಟು ಬೇಗ ಹುಟ್ಟಿತು, ಎಷ್ಟು ಬೇಗ ಸತ್ತಿತು, ಇದು ಮಿಲಿಸೆಕೆಂಡುಗಳ ವಿಷಯ. ನಿಮಿಷಕ್ಕೆ 200 ಎಣಿಕೆಯ ವೇಗದಲ್ಲಿ ಎಣಿಕೆಗೆ ನಾಲ್ಕು ಮೀಟು ಹಾಕಿದರೆ ಒಂದೊಂದಕ್ಕೆ ಸಿಗುವುದು 75 ಮಿಲಿಸೆಕೆಂಡ್. ದೊಡ್ಡ ಅಲೆ ಹೊಡೆದಾಗ ಹಂತಗಳ ನಡುವಿನ ಕೆಪ್ಯಾಸಿಟರ್ ತುಂಬಿಕೊಂಡು ವಾಲ್ವನ್ನು ಕ್ಷಣಕಾಲ ಮುಚ್ಚಿಬಿಡುತ್ತದೆ. ಅದು ಖಾಲಿಯಾಗಲು ಹತ್ತಿಪ್ಪತ್ತು ಮಿಲಿಸೆಕೆಂಡ್ ಹಿಡಿದರೂ ಮುಂದಿನ ಮೀಟಿನ ಮೊನೆ ಅದರಲ್ಲಿ ಹೂತುಹೋಗುತ್ತದೆ. ಬೆರಳು ಸರಿಯಾಗೇ ಹೊಡೆದಿದೆ, ಆಂಪ್ ಉಸಿರು ಕಟ್ಟಿ ನಿಂತಿದೆ.

ರೆಕ್ಟಿಫೈಯರ್‌ಗೆ ಆ ಹೆಸರು ಬಂದದ್ದೂ ಫೀಲ್‌ನ ಕಾರಣದಿಂದಲೇ. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಭಾಗಕ್ಕೆ ಅದರಲ್ಲಿ ಎರಡು ಆಯ್ಕೆಗಳಿವೆ, ಸಿಲಿಕಾನ್ ಡಯೋಡು ಅಥವಾ ವಾಲ್ವ್. ಡಯೋಡು ಬೇಡಿಕೆ ಬಂದೊಡನೆ ಕರೆಂಟು ಕೊಡುತ್ತದೆ. ವಾಲ್ವ್ ಮೇಲೆ ಭಾರ ಬಿದ್ದರೆ ವೋಲ್ಟೇಜು ಕುಸಿದು ನಿಧಾನವಾಗಿ ಮೇಲೇಳುತ್ತದೆ. ಜೋರಾಗಿ ಹೊಡೆದ ಸ್ವರ ಮೊದಲು ತಗ್ಗಿ ಆಮೇಲೆ ಅರಳಿದಂತೆ ಅನ್ನಿಸುತ್ತದೆ. ನಿಧಾನದ ಆಲಾಪನೆಗೆ ಅದು ಹಿತ, ಓಟದ ನುಡಿಕೆಗೆ ಕಾಲಿಗೆ ಸಿಕ್ಕ ಪಂಚೆ.

ಇನ್ನೊಂದು ಸಂಗತಿ ಫೀಡ್‌ಬ್ಯಾಕ್. ಬಹುಪಾಲು ಆಂಪುಗಳು ಸ್ಪೀಕರಿಗೆ ಹೋದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ತಂದು ಒಳಬಂದದ್ದರ ಜೊತೆ ಹೋಲಿಸಿ ತಪ್ಪು ತಿದ್ದಿಕೊಳ್ಳುತ್ತವೆ. ಸ್ಪೀಕರಿನ ಕಾಗದ ತನ್ನಿಷ್ಟಕ್ಕೆ ಅಲ್ಲಾಡದಂತೆ ಇದು ಹಿಡಿದಿಡುತ್ತದೆ. ರೆಕ್ಟಿಫೈಯರಿನ ‘ಮಾಡರ್ನ್’ ವಿಧಾನದಲ್ಲಿ ಈ ಹಗ್ಗವನ್ನೇ ಬಿಚ್ಚಿಬಿಡುತ್ತಾರೆ. ತಗ್ಗುಸ್ವರ ಉಬ್ಬಿ ತೂಗಾಡುತ್ತದೆ, ಮೇಲುಸ್ವರ ಹಸಿಹಸಿಯಾಗಿ ಚೀರುತ್ತದೆ. 5150ರಲ್ಲಿ ಹಗ್ಗ ಹಾಗೇ ಇರುತ್ತದೆ. ರೆಸೊನೆನ್ಸ್ ಗುಂಡಿ ಅದನ್ನು ತಗ್ಗಿನ ಕಡೆಗೆ, ಪ್ರೆಸೆನ್ಸ್ ಗುಂಡಿ ಮೇಲಿನ ಕಡೆಗೆ, ಬೇಕಾದಷ್ಟೇ ಸಡಿಲ ಬಿಡುತ್ತದೆ. ಮಳೆಗಾಲದಲ್ಲಿ ತೊಗಲು ಸಡಿಲಗೊಂಡ ಮದ್ದಳೆಗೂ ಬಿಸಿಲಲ್ಲಿ ಬಿಗಿದ ಮದ್ದಳೆಗೂ ಇರುವ ಅಂತರ ಬಲ್ಲ ಕೈಗೆ ಈ ಎರಡು ಆಂಪುಗಳ ಅಂತರ ವಿವರಿಸಬೇಕಿಲ್ಲ.

ಸ್ಪೀಕರನ್ನು ಮರೆತರೆ ಈ ಹೋಲಿಕೆಯೆಲ್ಲ ನೀರ ಮೇಲಿನ ಬರಹ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರು 5000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಹುಟ್ಟಿದ ಕರ್ಕಶ ಉಪಸ್ವರಗಳನ್ನು ಸೋಸುವುದು ಅದೇ. ಆಂಪಿನ ಒಳಗಿನ ಅಲೆಯನ್ನು ಸ್ಪೀಕರಿಲ್ಲದೆ ನೇರವಾಗಿ ಹೆಡ್‌ಫೋನಿನಲ್ಲಿ ಕೇಳಿದರೆ ಡಬ್ಬಿಯೊಳಗೆ ಸಿಕ್ಕ ಜೀರುಂಡೆ! ಇಂಗ್ಲೆಂಡಿನ ಸೆಲೆಶನ್ ಕಂಪನಿಯ ವಿಂಟೇಜ್ 30 ಸ್ಪೀಕರು ಮೇಲಿನ ನಡುಸ್ಥಾಯಿಯನ್ನು ಎತ್ತಿ ಹಿಡಿಯುತ್ತದೆ, ಅದೇ ಕಂಪನಿಯ ಹಳೆಯ ಗ್ರೀನ್‌ಬ್ಯಾಕ್ ಅದನ್ನು ಮೃದು ಮಾಡುತ್ತದೆ. ಎರಡು ಆಂಪುಗಳ ನಡುವಿನ ಅಂತರಕ್ಕಿಂತ ಎರಡು ಸ್ಪೀಕರುಗಳ ನಡುವಿನ ಅಂತರ ದೊಡ್ಡದಾಗಿ ಕೇಳುವುದು ಅಪರೂಪವಲ್ಲ.

ಕಿವಿಯೂ ಮೋಸ ಮಾಡುತ್ತದೆ. ದನಿ ಕಡಿಮೆಯಿದ್ದಾಗ ತಗ್ಗುಸ್ವರ ನಮಗೆ ಇರುವುದಕ್ಕಿಂತ ಕಡಿಮೆ ಕೇಳುತ್ತದೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಹಾಗಾಗಿ ತುಸು ಜೋರಾಗಿರುವ ಆಂಪೇ ದಪ್ಪಗೆ, ಶ್ರೀಮಂತವಾಗಿ ಕೇಳಿ ಗೆಲ್ಲುತ್ತದೆ. ಅಂಗಡಿಯಲ್ಲಿ ಒಂದರ ನಂತರ ಒಂದು ಆಂಪ್ ಹಚ್ಚಿ ತೀರ್ಮಾನಿಸುವವರು ಇದೊಂದನ್ನು ದಯವಿಟ್ಟು ನೆನಪಿಡಬೇಕು. ಒಂದೇ ಗಿಟಾರ್, ಒಂದೇ ಸ್ಪೀಕರ್ ಪೆಟ್ಟಿಗೆ ಇರಲಿ. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿ, ಎರಡರ ಜೋರನ್ನೂ ಸಮ ಮಾಡಿಕೊಳ್ಳಿ.

ಆಮೇಲೆ ಗೇನ್ ಗುಂಡಿಯನ್ನು ಬಹುಮಟ್ಟಿಗೆ ಇಳಿಸಿ ಆ ಸ–ಪ ಜೋಡಿಯನ್ನು ಬಾರಿಸಿ. ಎರಡು ತಂತಿಗಳು ಎರಡಾಗಿಯೇ ಕೇಳುತ್ತವೆ. ಗುಂಡಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿಸಲವೂ ಅದೇ ಜೋಡಿಯನ್ನು ಅದೇ ಒತ್ತಿನಲ್ಲಿ ಬಾರಿಸುತ್ತ ಹೋಗಿ. ಎಲ್ಲೋ ಒಂದು ಕಡೆ ಎರಡೂ ಬೆಸೆದು, ಕೆಳಗೆ ಮಂದ್ರದ ಷಡ್ಜ ಮೂಡಿ, ಮೇಲೆ ಗಾಂಧಾರ ಮೆಲ್ಲಗೆ ತಲೆಯೆತ್ತುತ್ತದೆ. ಬಳಿಕ ಆ ಗಾಂಧಾರವನ್ನೂ ಬೆರಳಿನಿಂದ ಒತ್ತಿ ಜೊತೆಗೆ ಬಾರಿಸಿ ನೋಡಿ. ಗಿಟಾರಿನ ಮನೆಗಳಲ್ಲಿ ಕೂತ ಗಾಂಧಾರ ಶುದ್ಧ ಗಾಂಧಾರಕ್ಕಿಂತ ತುಸು ಏರಿಯೇ ಇರುತ್ತದೆ. ಅದರಿಂದ ಷಡ್ಜವನ್ನು ಕಳೆದರೆ ಸಿಗುವುದು ಸುಮಾರು 125 ಹರ್ಟ್ಸ್, ಪಂಚಮದ ಪಕ್ಕದಲ್ಲೇ ನಿಂತೂ ಅದರೊಡನೆ ಸೇರದ ಒಂದು ತಿಕ್ಕಾಟ. ಆಂಪ್ ತಾನೇ ಕಟ್ಟಿಕೊಟ್ಟಿದ್ದ ಗಾಂಧಾರ ಆ ತಿಕ್ಕಾಟದಲ್ಲಿ ಮುಳುಗಿಹೋಗುತ್ತದೆ. ಬೆರಳನ್ನು ಎತ್ತಿದರೆ ಮತ್ತೆ ತೇಲಿ ಬರುತ್ತದೆ.