ಆಳಂದದ ಡಿಪೊಗೆ ಕರೆಂಟ್ ಬಸ್ ಬರಬೇಕಾದರೆ

ಡೀಸೆಲ್ ವಾಹನ ಬಿಟ್ಟು ವಿದ್ಯುತ್ ವಾಹನ ಕೊಳ್ಳಿ, ಸರ್ಕಾರ ಹಣ ಕೊಡುತ್ತದೆ ಎಂಬ ಮಾತು ಈಗ ತಾಲ್ಲೂಕು ಕಚೇರಿಗಳಲ್ಲೂ ಕೇಳುತ್ತಿದೆ. ಸಾರಿಗೆ ಡಿಪೊ, ಪುರಸಭೆ, ಗ್ರಾಮ ಪಂಚಾಯಿತಿ, ಕಾಲೇಜು, ಸಕ್ಕರೆ ಕಾರ್ಖಾನೆ, ಹಾಲು ಒಕ್ಕೂಟ ಎಲ್ಲರ ಬಳಿಯೂ ವಾಹನಗಳಿವೆ. ಎಲ್ಲರಿಗೂ ಡೀಸೆಲ್ ಬಿಲ್ ಭಾರವೇ. ಆದರೆ ಯಾವ ಯೋಜನೆಯಲ್ಲಿ, ಯಾರಿಗೆ, ಯಾವ ರೂಪದಲ್ಲಿ ಹಣ ಸಿಗುತ್ತದೆ ಎಂಬುದು ತಿಳಿಯದೆ ಅರ್ಜಿ ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿ ನೋಡೋಣ.

ಬಸ್ಸಿನ ಹಣ: ಎರಡು ಯೋಜನೆ

ಬಸ್ಸುಗಳಿಗೆ ಕೇಂದ್ರ ಸರ್ಕಾರದ ದೊಡ್ಡ ಯೋಜನೆಗಳು ಎರಡು. ಮೊದಲನೆಯದು ಪಿಎಂ ಇ-ಡ್ರೈವ್. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಈ ಯೋಜನೆಯ ಗಾತ್ರ 10,900 ಕೋಟಿ ರೂಪಾಯಿ. ಇದರಲ್ಲಿ 4,391 ಕೋಟಿ ರೂಪಾಯಿಯನ್ನು 14,028 ವಿದ್ಯುತ್ ಬಸ್ಸುಗಳಿಗೆಂದು ಎತ್ತಿಡಲಾಗಿದೆ. ಆದರೆ ಈ ಬಸ್ಸುಗಳು 40 ಲಕ್ಷಕ್ಕಿಂತ ಹೆಚ್ಚು ಜನರಿರುವ ಒಂಬತ್ತು ಮಹಾನಗರಗಳಿಗೆ ಮೀಸಲು. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು ಒಂದೇ.

ಎರಡನೆಯದು ಪಿಎಂ-ಇಬಸ್ ಸೇವಾ. 2023ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಈ ಯೋಜನೆಯ ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ಗುರಿ 10,000 ಬಸ್. 2011ರ ಜನಗಣತಿಯಂತೆ 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳು ಇದರ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ದಾಟಿರುವ ಕಲಬುರಗಿ ಈ ಅರ್ಹತೆಯೊಳಗಿದೆ. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಅಂದರೆ ಕೇಂದ್ರದ ಬಸ್ ಹಣ ತಲೆ ಎಣಿಸಿ ಬರುತ್ತದೆ. ಮೂರೂ ತಾಲ್ಲೂಕುಗಳ ಜನ ದಿನಾಲೂ ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ತೊಗರಿ ಮಾರಲು ಕಲಬುರಗಿಗೆ ಬಸ್ ಹತ್ತುತ್ತಾರೆ ಎಂಬುದು ಆ ಎಣಿಕೆಯಲ್ಲಿ ಸೇರುವುದಿಲ್ಲ. ಈ ಕೊರತೆಗೆ ದಾರಿ ಇದೆ, ಅದಕ್ಕೆ ಮುಂದೆ ಬರೋಣ.

ಹಣ ಬರುವುದು ಕಿಲೋಮೀಟರ್ ಲೆಕ್ಕದಲ್ಲಿ

ವಿದ್ಯುತ್ ಬಸ್ಸಿನ ಬೆಲೆ ಡೀಸೆಲ್ ಬಸ್ಸಿನ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಹಣ ಒಮ್ಮೆಲೇ ಹೂಡುವ ಶಕ್ತಿ ಸಾರಿಗೆ ನಿಗಮಗಳಿಗಿಲ್ಲ. ಅದಕ್ಕಾಗಿ ಈಗ ಬಳಕೆಯಲ್ಲಿರುವುದು ಕಿಲೋಮೀಟರ್ ಗುತ್ತಿಗೆ. ಕಂಪನಿ ಬಸ್ ಕೊಂಡು, ಚಾಲಕನನ್ನು ಇಟ್ಟು, ದುರಸ್ತಿ ನೋಡಿಕೊಳ್ಳುತ್ತದೆ. ಮಾರ್ಗ, ಸಮಯ, ನಿರ್ವಾಹಕ, ಟಿಕೆಟ್ ಹಣ ನಿಗಮದ್ದು. ಬಸ್ ಓಡಿದ ಪ್ರತಿ ಕಿಲೋಮೀಟರ್‌ಗೆ ಇಷ್ಟು ಎಂದು ನಿಗಮ ಕಂಪನಿಗೆ ಕೊಡುತ್ತದೆ. ಬೆಂಗಳೂರಿನ ಬಿಎಂಟಿಸಿ ವಿದ್ಯುತ್ ಬಸ್ಸುಗಳು ಓಡುವುದು ಹೀಗೆ.

ಪಿಎಂ-ಇಬಸ್ ಸೇವಾದಲ್ಲಿ ಕೇಂದ್ರದ ನೆರವೂ ಇದೇ ಲೆಕ್ಕದಲ್ಲಿ ಬರುತ್ತದೆ. 12 ಮೀಟರ್ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರ್ ಬಸ್ಸಿಗೆ 22, ಏಳು ಮೀಟರ್ ಬಸ್ಸಿಗೆ 20 ರೂಪಾಯಿ. ಉಳಿದದ್ದನ್ನು ಟಿಕೆಟ್ ಆದಾಯದಿಂದ ಮತ್ತು ರಾಜ್ಯದ ಹಣದಿಂದ ತುಂಬಬೇಕು. ಬೆಲೆಯ ಅಂದಾಜಿಗೆ ಒಂದು ಉದಾಹರಣೆ: 2022ರಲ್ಲಿ ಕೇಂದ್ರದ ಸಿಇಎಸ್‌ಎಲ್ ಸಂಸ್ಥೆ ಬೆಂಗಳೂರು ಸೇರಿ ಐದು ನಗರಗಳಿಗೆ ಒಟ್ಟಾಗಿ ಟೆಂಡರ್ ಕರೆದಾಗ, 9 ಮೀಟರ್ ಬಸ್ಸಿಗೆ ಕಿ.ಮೀ.ಗೆ 39.21 ರೂಪಾಯಿ, 12 ಮೀಟರ್ ಬಸ್ಸಿಗೆ 43.49 ರೂಪಾಯಿಯ ಕನಿಷ್ಠ ದರ ಬಂದಿತ್ತು. ಒಬ್ಬೊಬ್ಬರೇ ಟೆಂಡರ್ ಕರೆಯದೆ ಹಲವರು ಕೂಡಿ ಕರೆದರೆ ದರ ಇಳಿಯುತ್ತದೆ ಎಂಬುದನ್ನು ಇದು ತೋರಿಸಿತು.

ಈ ಗುತ್ತಿಗೆಯಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ದಿನಕ್ಕೆ ಇಷ್ಟು ಕಿ.ಮೀ. ಓಡಿಸುತ್ತೇವೆ ಎಂದು ನಿಗಮ ಖಾತರಿ ಕೊಡಬೇಕು. ಓಡದಿದ್ದರೂ ಖಾತರಿಯ ಹೊರೆ ತಪ್ಪದು. ಇನ್ನೊಂದು, ಹಣ ಸಕಾಲಕ್ಕೆ ಕೈಸೇರದು ಎಂಬ ಅಂಜಿಕೆ ಕಂಪನಿಗಳಿಗಿದೆ. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಿಗಮಗಳ ಆದಾಯದ ದೊಡ್ಡ ಪಾಲು ಸರ್ಕಾರ ತುಂಬಿಕೊಡುವ ಹಣವನ್ನೇ ನಂಬಿದೆ. ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ 3,435.33 ಕೋಟಿ ರೂಪಾಯಿಯ ಪಾವತಿ ಭದ್ರತಾ ನಿಧಿಯನ್ನು ಒಪ್ಪಿದ್ದು ಈ ಅಂಜಿಕೆ ನೀಗಿಸಲು. ನಿಗಮ ಬಾಕಿ ಉಳಿಸಿಕೊಂಡರೆ ಈ ನಿಧಿಯಿಂದ ಕಂಪನಿಗೆ ಹಣ ಸಂದಾಯವಾಗುತ್ತದೆ. ಆಮೇಲೆ ಅದನ್ನು ನಿಗಮ ಅಥವಾ ರಾಜ್ಯ ತೀರಿಸಬೇಕು. ಅದು ಸಾಲದ ಭದ್ರತೆಯೇ ಹೊರತು ದಾನವಲ್ಲ.

ಆಳಂದದ ಒಂದು ಬಸ್ಸಿನ ದಿನಚರಿ

ಲೆಕ್ಕ ಕೂಡಬೇಕಾದ್ದು ಒಂದು ಬಸ್ಸಿನಿಂದ. ಕಲಬುರಗಿಯಿಂದ ಆಳಂದ ಸುಮಾರು 40 ಕಿ.ಮೀ. ಜೇವರ್ಗಿಯೂ ಹೆಚ್ಚುಕಡಿಮೆ ಅಷ್ಟೇ. ಅಫಜಲಪುರ 60ರ ಆಸುಪಾಸು. ಆಳಂದದ ಬಸ್ಸೊಂದು ದಿನಕ್ಕೆ ಎರಡು ಸಲ ಹೋಗಿ ಬಂದರೆ ಸುಮಾರು 160 ಕಿ.ಮೀ. ಆಯಿತು. ಡೀಸೆಲ್ ಬಸ್ ಲೀಟರ್‌ಗೆ 5 ಕಿ.ಮೀ. ಓಡುತ್ತದೆ, ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ಕಿ.ಮೀ.ಗೆ 18 ರೂಪಾಯಿ ಇಂಧನ ಖರ್ಚು. ವಿದ್ಯುತ್ ಬಸ್ ಕಿ.ಮೀ.ಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ತಿನ್ನುತ್ತದೆ, ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 8 ರೂಪಾಯಿ. ಕಿ.ಮೀ.ಗೆ 10 ರೂಪಾಯಿಯಂತೆ ದಿನಕ್ಕೆ 1,600 ರೂಪಾಯಿ ಉಳಿತಾಯ. ವರ್ಷಕ್ಕೆ 300 ದಿನ ಓಡಿದರೆ 4.8 ಲಕ್ಷ. ಅದೇ ಬಸ್ ದಿನಕ್ಕೆ 80 ಕಿ.ಮೀ. ಮಾತ್ರ ಓಡಿದರೆ ಉಳಿತಾಯ ಅರ್ಧಕ್ಕೆ ಇಳಿಯುತ್ತದೆ, ಬಸ್ಸಿನ ಬೆಲೆ ಮಾತ್ರ ಇಳಿಯುವುದಿಲ್ಲ. ಹೆಚ್ಚು ಓಡುವ ವಾಹನಕ್ಕೆ ವಿದ್ಯುತ್ ಲಾಭ, ನಿಂತೇ ಇರುವ ವಾಹನಕ್ಕೆ ನಷ್ಟ.

ಇನ್ನೊಂದು ತೊಡಕು ನಮ್ಮ ಕಡೆಯ ವಸತಿ ಬಸ್ಸಿನದು. ರಾತ್ರಿ ಹಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಶಾಲೆ–ಕಾಲೇಜಿನ ಮಕ್ಕಳನ್ನು ಹತ್ತಿಸಿಕೊಂಡು ಹೊರಡುವ ಬಸ್ ಅದು. ವಿದ್ಯುತ್ ಬಸ್ಸಿಗೆ ಚಾರ್ಜ್ ಆಗುವ ಹೊತ್ತೇ ರಾತ್ರಿ. ಹಳ್ಳಿಯ ಕಟ್ಟೆಯ ಮುಂದೆ ಚಾರ್ಜರ್ ಇಲ್ಲ. ಆದ್ದರಿಂದ ಮೊದಲು ಬದಲಾಗಬೇಕಾದ್ದು ರಾತ್ರಿ ಡಿಪೊಗೇ ಮರಳುವ, ಒಂದೇ ರಸ್ತೆಯಲ್ಲಿ ಹೋಗಿಬರುವ ಬಸ್ಸುಗಳು. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ವಿದ್ಯಾರ್ಥಿಗಳು, ಸಿಬ್ಬಂದಿ ನಿಗದಿತ ಹೊತ್ತಿಗೆ ಓಡಾಡುವ ಇಂಥ ಮಾರ್ಗ ಮೊದಲ ಹಂತಕ್ಕೆ ಹೇಳಿ ಮಾಡಿಸಿದ್ದು.

ಹಾಗೆಯೇ ಎಲ್ಲ ಡೀಸೆಲ್ ಬಸ್ಸುಗಳನ್ನೂ ಕಳಿಸಿಬಿಡುವುದು ತರವಲ್ಲ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹುಣ್ಣಿಮೆಗೆ ಜನ ಮುಗಿಬೀಳುತ್ತಾರೆ. ಅಂದು ಹೆಚ್ಚುವರಿ ಬಸ್ಸುಗಳು ಹಗಲಿಡೀ ಬಿಡುವಿಲ್ಲದೆ ಓಡಬೇಕು. ಆ ಕೆಲಸಕ್ಕೆ ಡೀಸೆಲ್ ಬಸ್ ಕೈಯಲ್ಲಿರಲಿ.

ಬಸ್ಸಿಗಿಂತ ಮೊದಲು ಕರೆಂಟ್

ಐದು ಬಸ್ಸುಗಳಿಗೆ ರಾತ್ರಿ ತಲಾ 150 ಯೂನಿಟ್ ತುಂಬಬೇಕು, ಅದೂ ಆರು ತಾಸಿನಲ್ಲಿ ಎಂದಿಟ್ಟುಕೊಳ್ಳಿ. ಒಟ್ಟು 750 ಯೂನಿಟ್, ಅಂದರೆ ಒಂದೇ ಸಮನೆ 125 ಕಿಲೋವ್ಯಾಟ್ ಬೇಕು. ಹೊಲದ ಪಂಪ್‌ಸೆಟ್‌ಗಳಿಗೆ ಹಾಕುವ 63 ಕೆವಿಎ ಟ್ರಾನ್ಸ್‌ಫಾರ್ಮರ್ (ಟಿಸಿ) ಇದನ್ನು ತಾಳದು. ಹತ್ತು ಬಸ್ಸಾದರೆ ಡಿಪೊಗೇ ಪ್ರತ್ಯೇಕ 11 ಕೆವಿ ಮಾರ್ಗ, ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೆ ಈ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಿಂದ ಅಂದಾಜು ಪಟ್ಟಿ, ಜಾಗ, ಹಣ, ತಿಂಗಳುಗಟ್ಟಲೆ ಸಮಯ ಬೇಕು. ಬಸ್ ಬಂದು ನಿಂತ ಮೇಲೆ ಕರೆಂಟಿಗೆ ಅರ್ಜಿ ಹಾಕಿದರೆ ಬಸ್ ದೂಳು ತಿನ್ನುತ್ತದೆ.

ಸರ್ಕಾರದ ಹಣ ಇಲ್ಲಿಗೂ ಇದೆ. ಪಿಎಂ-ಇಬಸ್ ಸೇವಾದಲ್ಲಿ ಆಯ್ಕೆಯಾದ ಡಿಪೊಗಳ ವಿದ್ಯುತ್ ಸೌಕರ್ಯದ ಖರ್ಚನ್ನು ಪೂರ್ತಿ ಕೇಂದ್ರವೇ ಭರಿಸುತ್ತದೆ. ತಾಲ್ಲೂಕುಗಳಿಗೆ ಹೆಚ್ಚು ಹತ್ತಿರವಾದ ಬಾಗಿಲು ಇನ್ನೊಂದು: ಪಿಎಂ ಇ-ಡ್ರೈವ್‌ನಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆಂದು 2,000 ಕೋಟಿ ರೂಪಾಯಿ ಇದೆ. 2025ರ ಮಾರ್ಗಸೂಚಿಯಂತೆ ಸರ್ಕಾರಿ ಕಚೇರಿ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ಚಾರ್ಜರ್ ಹಾಕಿ ಸಾರ್ವಜನಿಕರಿಗೂ ತೆರೆದಿಟ್ಟರೆ, ವಿದ್ಯುತ್ ಮಾರ್ಗ ಮತ್ತು ಚಾರ್ಜರ್ ಎರಡಕ್ಕೂ ಶೇ 100 ನೆರವು. ಬಸ್ ನಿಲ್ದಾಣಗಳಲ್ಲಾದರೆ ವಿದ್ಯುತ್ ಮಾರ್ಗಕ್ಕೆ ಶೇ 80, ಚಾರ್ಜರ್‌ಗೆ ಶೇ 70. ದೊಡ್ಡ ನಗರ, ಹೆದ್ದಾರಿಗಳಿಗೆ ಆದ್ಯತೆ ಇದೆ ನಿಜ. ಆದರೆ ಜೇವರ್ಗಿ ಇರುವುದೇ ಕಲಬುರಗಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿಯಲ್ಲಿ. ಈ ಬೇಡಿಕೆಯನ್ನು ಬಿಡಿ ಸಂಸ್ಥೆಗಳು ನೇರ ದೆಹಲಿಗೆ ಕಳಿಸುವಂತಿಲ್ಲ, ರಾಜ್ಯದ ನೋಡಲ್ ಸಂಸ್ಥೆ ಒಟ್ಟುಗೂಡಿಸಿ ಕಳಿಸಬೇಕು.

ಹಿಂದುಳಿದ ತಾಲ್ಲೂಕಿನ ಹಕ್ಕಿನ ಹಣ

ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಈ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ನಂತರ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿ, ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಹಣ ಹಂಚುವಾಗ ಈ ಹಿಂದುಳಿದಿರುವಿಕೆಯ ಅಳತೆಯನ್ನೇ ಆಧಾರವಾಗಿಡುತ್ತದೆ. ಕೇಂದ್ರದ ಬಸ್ ಯೋಜನೆ ಜನಸಂಖ್ಯೆ ನೋಡಿ ಬಿಟ್ಟುಹೋದ ಊರುಗಳಿಗೆ ಆಗಲೇ ಹೇಳಿದ ದಾರಿ ಇದೇ. ತಾಲ್ಲೂಕು ಡಿಪೊಗಳಿಗೆ ವಿದ್ಯುತ್ ಮಾರ್ಗ, ಟ್ರಾನ್ಸ್‌ಫಾರ್ಮರ್, ಚಾರ್ಜಿಂಗ್ ಅಂಗಳ ಕಟ್ಟುವುದು ಒಮ್ಮೆ ಮಾಡುವ, ಹಲವು ವರ್ಷ ಉಳಿಯುವ ಕಾಮಗಾರಿ. ಮಂಡಳಿಯ ಕ್ರಿಯಾ ಯೋಜನೆಯಲ್ಲಿ ಇದನ್ನು ಸೇರಿಸಿ ಎಂದು ಶಾಸಕರನ್ನು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವನ್ನು ಕೇಳುವುದು ಈ ಭಾಗದ ಜನರ ಹಕ್ಕು.

ಲಾರಿ, ಕಸದ ಗಾಡಿ, ಹಳೆಯ ಜೀಪು

ಲಾರಿಗಳಿಗೆ ಪಿಎಂ ಇ-ಡ್ರೈವ್‌ನಲ್ಲಿ 500 ಕೋಟಿ ರೂಪಾಯಿ ಇದೆ. 3.5 ಟನ್ ಮೀರಿದ ವಿದ್ಯುತ್ ಲಾರಿಗೆ ತೂಕ, ಬ್ಯಾಟರಿ ನೋಡಿ ಗರಿಷ್ಠ 9.6 ಲಕ್ಷ ರೂಪಾಯಿವರೆಗೆ ರಿಯಾಯಿತಿ. ಕೊಳ್ಳುವವರಿಗೆ ಮುಖ್ಯ ಷರತ್ತು: ಹಳೆಯ ಡೀಸೆಲ್ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ಹಣ ಕೊಳ್ಳುವವರ ಖಾತೆಗೆ ಬರುವುದಿಲ್ಲ, ಬಿಲ್ಲಿನಲ್ಲೇ ಕಡಿತವಾಗುತ್ತದೆ, ತಯಾರಕ ಕಂಪನಿ ಅದನ್ನು ಸರ್ಕಾರದಿಂದ ಪಡೆಯುತ್ತದೆ. ಬ್ಯಾಟರಿಗೆ ಐದು ವರ್ಷ ಅಥವಾ 5 ಲಕ್ಷ ಕಿ.ಮೀ. ವಾರಂಟಿ ಕಡ್ಡಾಯ. ಆಳಂದ, ಅಫಜಲಪುರದ ಕಬ್ಬು ಹೆಚ್ಚಾಗಿ ಟ್ರ್ಯಾಕ್ಟರ್‌ನಲ್ಲಿ ಸಾಗುವುದರಿಂದ ಅದಕ್ಕೆ ಈ ಹಣ ಸಿಗದು. ವರ್ಷವಿಡೀ ಒಂದೇ ದಾರಿಯಲ್ಲಿ ಓಡುವ ಹಾಲಿನ ವಾಹನ, ಗೋದಾಮಿನ ಲಾರಿಗಳಿಗೆ ಇದು ಹೊಂದುತ್ತದೆ. ಯೋಜನೆ 2028ರ ಮಾರ್ಚ್ 31ರವರೆಗೆ ಇದ್ದರೂ ಹಣ ಮುಗಿದರೆ ಬಾಗಿಲು ಮೊದಲೇ ಮುಚ್ಚುತ್ತದೆ.

ಗ್ರಾಮ ಪಂಚಾಯಿತಿಯ ಕಸದ ಗಾಡಿ, ಅಂದರೆ ಸ್ವಚ್ಛ ವಾಹಿನಿ, ಬೆಳಿಗ್ಗೆ ನಾಲ್ಕಾರು ಓಣಿ ಸುತ್ತಿ ಪಂಚಾಯಿತಿಗೇ ಮರಳುತ್ತದೆ. ವಿದ್ಯುತ್‌ಗೆ ಇದಕ್ಕಿಂತ ಸುಲಭದ ವಾಹನ ಇನ್ನೊಂದಿಲ್ಲ. ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಕಟ್ಟಿಟ್ಟ ಪಾಲು, ಸ್ವಚ್ಛ ಭಾರತ್ ಹಣ ಎರಡನ್ನೂ ಜಿಲ್ಲಾ ಪಂಚಾಯಿತಿಯ ಅನುಮೋದನೆಯೊಂದಿಗೆ ನೋಡಬಹುದು.

ಇನ್ನು ಸರ್ಕಾರಿ ಕಚೇರಿಗಳ ಹಳೆಯ ಜೀಪುಗಳು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಸ್ಥಳೀಯ ಸಂಸ್ಥೆ, ಸಾರಿಗೆ ನಿಗಮಗಳಿಗೂ ಇದು ಅನ್ವಯ. ಹೇಗೂ ಹೊಸದು ಕೊಳ್ಳಲೇಬೇಕಾದ ಹೊತ್ತಿನಲ್ಲಿ ವಿದ್ಯುತ್ ವಾಹನದ ಕೊಟೇಶನ್ ಕೂಡ ತರಿಸಿ. ವಿದ್ಯುತ್ ವಾಹನಕ್ಕೆ ಜಿಎಸ್‌ಟಿ ಶೇ 5 ಮಾತ್ರ. ನೋಂದಣಿ ಶುಲ್ಕವಿಲ್ಲ, ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ 15 ರಿಯಾಯಿತಿ ಇದೆ. ರಸ್ತೆ ತೆರಿಗೆಯ ನಿಯಮವನ್ನು ಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಅರ್ಜಿಗೆ ಮುನ್ನ ಕೈಯಲ್ಲಿರಬೇಕಾದ್ದು

1. ಮೂರು ತಿಂಗಳ ಲಾಗ್ ಬುಕ್: ಪ್ರತಿ ವಾಹನ ದಿನಕ್ಕೆ ಎಷ್ಟು ಕಿ.ಮೀ. ಓಡಿತು, ಎಷ್ಟು ಡೀಸೆಲ್ ಕುಡಿಯಿತು, ರಾತ್ರಿ ಎಲ್ಲಿ ನಿಂತಿತು.
2. ಜೆಸ್ಕಾಂನಿಂದ ಲಿಖಿತ ಉತ್ತರ: ಈಗಿನ ಮಂಜೂರು ಲೋಡ್ ಎಷ್ಟು, ಹೆಚ್ಚಿಸಲು ಖರ್ಚು ಮತ್ತು ಸಮಯ ಎಷ್ಟು.
3. 15 ವರ್ಷಕ್ಕೆ ಹತ್ತಿರವಾದ ವಾಹನಗಳ ಪಟ್ಟಿ, ಗುಜರಿಯ ದಾಖಲೆ.
4. ಟೆಂಡರ್ ಕರಡಿನಲ್ಲಿ ಬ್ಯಾಟರಿ ವಾರಂಟಿ, 40 ಡಿಗ್ರಿ ಮೀರುವ ನಮ್ಮ ಬೇಸಿಗೆಯಲ್ಲಿ ಎಷ್ಟು ದೂರ ಓಡುತ್ತದೆ ಎಂಬ ಪರೀಕ್ಷೆ, ಕಲಬುರಗಿಯಲ್ಲೇ ದುರಸ್ತಿ ಸಿಬ್ಬಂದಿ ಇರಬೇಕೆಂಬ ಷರತ್ತು, ಚಾಲಕರಿಗೆ ತರಬೇತಿ.
5. ನೆರೆಯ ಸಂಸ್ಥೆಗಳ ಜೊತೆ ಮಾತುಕತೆ: ಮೂರು ಪುರಸಭೆಗಳು ಕೂಡಿ ಒಂದೇ ಟೆಂಡರ್ ಕರೆದರೆ ದರವೂ ಇಳಿಯುತ್ತದೆ, ಸೇವೆಯೂ ಸಿಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ದೆಹಲಿಯ ಒಪ್ಪಿಗೆ ಬೇಕಿಲ್ಲ. ಯೋಜನೆಗಳ ಹೆಸರು, ದರ, ಕೊನೆಯ ದಿನಾಂಕ ಬದಲಾಗುತ್ತಲೇ ಇರುತ್ತವೆ. ಮೊದಲಿದ್ದ ಫೇಮ್ ಯೋಜನೆ ಹೋಗಿ ಪಿಎಂ ಇ-ಡ್ರೈವ್ ಬಂತು, ಇದು ಮುಗಿದ ಮೇಲೆ ಮತ್ತೊಂದು ಬರಬಹುದು. ಅಂಕಿಅಂಶ, ಜಾಗ, ಕರೆಂಟ್ ಸಿದ್ಧವಿಟ್ಟುಕೊಂಡ ಸಂಸ್ಥೆಗೆ ಪ್ರತಿ ಸಲವೂ ಹಣ ಬೇಗ ಮುಟ್ಟುತ್ತದೆ, ಸಿದ್ಧವಿಲ್ಲದವರ ಪಾಲು ದೊಡ್ಡ ನಗರಗಳಿಗೆ ಹರಿದುಹೋಗುತ್ತದೆ. ಹಾಗಾಗಿ ಆಳಂದ, ಅಫಜಲಪುರ, ಜೇವರ್ಗಿಯವರು ಈ ವರ್ಷ ಹಿಡಿಯಬೇಕಾದ ಮೊದಲ ಕೆಲಸ ಡಿಪೊಗಳ ಕರೆಂಟಿನದು.